ಎರಡನೇ ಕೊಂಬಿನವನು

ಲೂಚ್ಕಿ, ಬೊಹೀಮಿಯಾ
೧೨ ನವೆಂಬರ್ ೧೭೭೪

ಪ್ರೀತಿಯ ತಮ್ಮ ಮತೌಶ,

ಹೇಗಿದ್ದೀಯ? ಚಳಿಗೆ ತುಟಿ ಒಡೆದಿಲ್ಲ ತಾನೆ? ನಿನ್ನೆ ಸಂತ ಮಾರ್ಟಿನನ ಹಬ್ಬಕ್ಕೆ ಹೆಬ್ಬಾತು ಕೊಯ್ದೆವು. ಅದರ ಕೊಬ್ಬನ್ನು ಅಮ್ಮ ಕರಗಿಸಿ ಡಬ್ಬಿಗೆ ತುಂಬಿ ಕಳಿಸಿದ್ದಾಳೆ. ಕೊಂಬು ಊದುವ ಮುಂಚೆ ತುಟಿಗೆ ಹಚ್ಚಿಕೋ. ನಿನಗೊಬ್ಬನಿಗೆ ಸಾಲುವಷ್ಟಿದೆ. ಅಲ್ಲಿ ನಿನ್ನ ಪಕ್ಕ ಎರಡನೇ ಕೊಂಬು ಊದುವ ಕಾಶ್ಪರನ ತುಟಿಗೆ ಬೇಕಾದರೆ ಅವನ ಅಮ್ಮ ಕಳಿಸಲಿ.

ಇಲ್ಲಿ ಎಲ್ಲರೂ ಕ್ಷೇಮ. ನಾನು ಎಂದಿನಂತೆ ಮಧ್ಯಾಹ್ನ ಪ್ರಭುಗಳ ಮೇಜಿಗೆ ಸಾರು ಬಡಿಸಿ, ಸಂಜೆ ಅದೇ ಅಂಗಿಯಲ್ಲಿ ಕೊಂಬು ಊದುತ್ತೇನೆ. ಕೊಂಬಿನವರನ್ನು ಜೋಡಿಯಾಗಿಯೇ ಇಟ್ಟುಕೊಳ್ಳುವುದು ಎಲ್ಲ ಅರಮನೆಗಳ ಪದ್ಧತಿ. ಆದರೂ ನಿಮ್ಮ ಜರ್ಮನ್ ದೊರೆ ನಮ್ಮಿಬ್ಬರನ್ನೂ ಕೇಳಿದಾಗ ನಮ್ಮ ಪ್ರಭುಗಳು ನಿನಗೊಬ್ಬನಿಗೇ ಊರು ಬಿಡಲು ಅಪ್ಪಣೆ ಕೊಟ್ಟರು. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಹೊಟ್ಟೆ ಉರಿಯುವುದು ಕಾಶ್ಪರನ ವಿಷಯಕ್ಕೆ. ಅವನ ಎದೆ ಕಮ್ಮಾರನ ತಿದಿಯಂತೆ, ಇಡೀ ರಾಗವನ್ನು ಒಂದೇ ಉಸಿರಿಗೆ ಮುಗಿಸುತ್ತಾನೆ ಎಂದು ನೀನೇ ಬರೆದೆ. ಗಿರಣಿ ಕೆರೆಯ ಮಂಜುಗಡ್ಡೆ ಒಡೆದಾಗ ನಿನ್ನನ್ನು ಮೇಲಕ್ಕೆಳೆಯಲು ನೀರಿಗಿಳಿದು ಎದೆ ಕೆಡಿಸಿಕೊಂಡ ಅಣ್ಣನಿಗೆ ಇದನ್ನು ಬರೆಯುತ್ತಾರೆಯೇ, ಮಾರಾಯ? ಆಮೇಲೆ ನನಗೆ ಉಸಿರು ಸಾಲದ ಕಡೆಯಲ್ಲೆಲ್ಲ ನೀನು ನಿನ್ನ ಸ್ವರ ಎಳೆದು ಮುಚ್ಚುತ್ತಿದ್ದೆ. ಪ್ರಭುಗಳಿಗೆ ಒಮ್ಮೆಯೂ ಗೊತ್ತಾಗಲಿಲ್ಲ.

ಮೊನ್ನೆ ನೀನು ಎರಡು ಕೊಂಬುಗಳಿಗೆಂದು ಬರೆದ ಹೊಸ ರಚನೆ ಇಲ್ಲಿಗೂ ಬಂತು. ಎರಡನೇ ಕೊಂಬಿನ ಹಾಳೆ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ನಾನು ಪಕ್ಕದಲ್ಲಿದ್ದಾಗ ಎರಡನೇ ಕೊಂಬಿಗೆ ಅಲ್ಲೊಂದು ಇಲ್ಲೊಂದು ಸ್ವರ ಊದುವ ಕೆಲಸ ಬಿಟ್ಟು ಬೇರೇನೂ ಕೊಡದವನು, ಕಾಶ್ಪರನಿಗೆ ಪುಟ ತುಂಬ ಹಾಡು ಬರೆದಿದ್ದೀಯ. ಅಮ್ಮ ನಗುತ್ತಾಳೆ: "ತಮ್ಮನ ಪಕ್ಕ ಬೇರೆ ಯಾರೋ ಕೂತ್ರೆ ನೀನ್ಯಾಕೋ ಊಟ ಬಿಡ್ತೀಯ, ಹೆಂಡ್ತಿ ಓಡಿಹೋದೋನ ಥರ?" ನಗಲಿ. ಆ ಹಾಳೆಯನ್ನು ನಾನು ಊದುವುದಿಲ್ಲ. ಬೇರೆಯವನ ಅಳತೆಗೆ ಹೊಲಿದ ಅಂಗಿ ನನಗೆ ಬೇಡ.

ದೇವರು ನಿನ್ನ ಹಲ್ಲು, ತುಟಿ, ಎದೆ ಎಲ್ಲವನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಪ್ರೋಕೋಪ್

ತಾ.ಕ.: ಕಾಗದ ಮಡಿಸಿದ ಮೇಲೆ ಪ್ರಭುಗಳ ಕರೆ ಬಂತು, ನಿನ್ನ ಜಾಗಕ್ಕೆ ಬಂದ ಹುಡುಗನ ಜೊತೆ ಆ ಹಾಳೆಯನ್ನು ಊದಲೇಬೇಕಾಯಿತು. ನಿಧಾನದ ಭಾಗದಲ್ಲಿ ಸ್ವರ ಮೇಲೇರುವಾಗ, ನನಗೆ ಯಾವಾಗಲೂ ಉಸಿರು ಕೈಕೊಡುವ ಜಾಗದಲ್ಲೇ, ಎರಡನೇ ಕೊಂಬನ್ನು ನಿಲ್ಲಿಸಿ ನಿನ್ನ ಮೊದಲನೇ ಕೊಂಬಿನ ಸ್ವರ ಎಳೆದಿದ್ದೀಯ. ಮುಂದಿನ ಪುಟದಲ್ಲೂ ಹಾಗೆಯೇ. ತಿದಿಯಂಥ ಎದೆಯವನಿಗೆ ಅಲ್ಲಿ ವಿಶ್ರಾಂತಿ ಯಾಕೆ ಬೇಕು? ಕೊನೆಯ ತನಕ ಊದಿದೆ ಮತೌಶ, ಎಲ್ಲೂ ಉಸಿರು ಕಟ್ಟಲಿಲ್ಲ. ನನ್ನನ್ನೂ ಕಳಿಸುವಂತೆ ನಿಮ್ಮ ದೊರೆಯಿಂದ ನಮ್ಮ ಪ್ರಭುಗಳನ್ನು ಇನ್ನೊಂದು ಸಲ ಕೇಳಿಸು, ನಾನು ಬರುತ್ತೇನೆ. ಅಲ್ಲಿಯ ತನಕ ಆ ಕೊಬ್ಬಿನಲ್ಲಿ ಕಾಶ್ಪರನಿಗೂ ಸ್ವಲ್ಪ ಕೊಡು.