ನೋವು ತಡೆಯುವ ನಳಿಕೆ ವಾರ್ಡಿನ ಬಾಗಿಲಲ್ಲೇ ಏಕೆ ನಿಲ್ಲಬೇಕು?

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಅಧೀನದ ಆಸ್ಪತ್ರೆಯಲ್ಲಿ ಮಕ್ಕಳ ಎಲುಬು ಕೊಯ್ದು ಕೂಡಿಸುವ ವೈದ್ಯರಿದ್ದಾರೆ. ಆಮೇಲಿನ ನೋವು ತಡೆಯುವ ಏರ್ಪಾಡಿಲ್ಲ. ನನ್ನ ದೂರು ಇಷ್ಟೇ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿ ಎಲ್ಲರೆದುರು ಬರೆಯುತ್ತಿದ್ದೇನೆ.

ನನ್ನ ಮಗಳು ಅಪೂರ್ವಳಿಗೆ ಹುಟ್ಟಿನಿಂದಲೇ ಸೊಂಟದ ಎರಡೂ ಕೀಲುಗಳು ಜಾರಿದ್ದವು. ಎಡಗಡೆಯದನ್ನು ನಿಮ್ಮಲ್ಲಿ ಸರಿಪಡಿಸಿದರು. ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರು ಅವಳ ಬೆನ್ನಿಗೆ ತೆಳುವಾದ ನಳಿಕೆ ಇಟ್ಟು ಔಷಧ ಹನಿಸಿದ್ದರಂತೆ, ಎಪಿಡ್ಯೂರಲ್ ಎನ್ನುತ್ತಾರೆ. ವಾರ್ಡಿಗೆ ಕಳಿಸುವ ಮುಂಚೆ ಅದನ್ನು ತೆಗೆದುಬಿಟ್ಟರು. ಯಾಕೆಂದು ಆ ವೈದ್ಯರನ್ನೇ ಕೇಳಿದೆ.

"ವಾರ್ಡಿನ್ಯಾಗ ಅದನ್ನ ನೋಡಕೊಳ್ಳಾವರು ಯಾರೂ ಇಲ್ರಿ ಅಕ್ಕಾರ. ಉಸಿರು, ಬಿಪಿ ಪದೇ ಪದೇ ನೋಡಬೇಕಾಗ್ತೈತಿ. ನಾ ಒಬ್ಬವನ ಅದೀನಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮಂಪರು ಇಳಿದ ಮೇಲೆ, ಸೊಂಟದಿಂದ ಪಾದದವರೆಗೆ ಪ್ಲಾಸ್ಟರಿನಲ್ಲಿದ್ದ ಮಗು ಕಿರುಚತೊಡಗಿತು. ಕುಡಿಸಿದ ನೋವಿನ ಔಷಧವೆಲ್ಲ ವಾಂತಿಯಾಯಿತು. ಹಾಸಿಗೆ ಅಲುಗಿದರೆ ಸಾಕು, "ಮುಟ್ಟಬ್ಯಾಡ ಅವ್ವಾ" ಎನ್ನುತ್ತಿದ್ದಳು. ಹೆತ್ತವಳು ಮಗಳನ್ನು ಮುಟ್ಟದೆ ಸಂತೈಸುವುದು ಹೇಗೆ? ನಿಮ್ಮ ಇಲಾಖೆಯಲ್ಲಿ ಅದಕ್ಕೂ ತರಬೇತಿ ಇದೆಯೇ? ಕಬ್ಬಿನ ಗದ್ದೆಯಲ್ಲಿ ಹಾವು ಕಂಡರೂ ಅಂಜದ ನನ್ನ ಗಂಡ ಶ್ರೇಣಿಕ ಹೊರಗಿನ ಬೆಂಚಿನ ಮೇಲೆ ಕಿವಿ ಮುಚ್ಚಿಕೊಂಡು ಕುಳಿತಿದ್ದರು.

ನಿಮ್ಮ ಕಚೇರಿಗೆ ಬಂದೆವು. "ಆಪರೇಷನ್ ಚಲೋ ಆಗೇತಲ್ಲವಾ? ಹುಡುಗರು ಅಳೂದು ಸಹಜ" ಎಂದಿರಿ. ಸಹಜವೇ. ಆದರೂ ನಿಮ್ಮ ಹಲ್ಲು ಕೀಳುವವರು ಹಾಗೆ ಹೇಳಿ ಇಕ್ಕಳ ಎತ್ತಿಕೊಳ್ಳದಿರಲಿ.

ಬಲಗಡೆಯ ಆಪರೇಷನ್ ಎಂದಾಗ ಅಪೂರ್ವ, "ನಾ ಕುಂಟಕೋತನ ಇರ್ತೀನಿ, ಮತ್ತ ಬರಾಂಗಿಲ್ಲ" ಎಂದು ಚಿಲಕ ಹಾಕಿಕೊಂಡಳು. ತಿಂಗಳುಗಟ್ಟಲೆ ಒಪ್ಪಲಿಲ್ಲ. ತಡವಾದಷ್ಟೂ ಕೀಲು ಕೂರುವುದು ಕಷ್ಟ ಎಂದರು ವೈದ್ಯರು. ಕೊನೆಗೆ ರಮಿಸಿ, ರಾಜ್ಯದ ಗಡಿಯಾಚೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿ ನಳಿಕೆ ವಾರ್ಡಿಗೂ ಬಂತು. ಅದನ್ನು ನೋಡಿಕೊಳ್ಳಲು ಕಲಿತ ನರ್ಸ್ ಕೂಡ ಬಂದಳು. ಮರುದಿನ ಹಾಸಿಗೆಯ ಬಟ್ಟೆ ಬದಲಿಸುವಾಗ ಮಗಳು ನನ್ನ ಕೈ ಬಿಗಿಹಿಡಿದು, ಕಣ್ಣು ಮುಚ್ಚಿ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅವ್ವಾ, ಮುಗೀತೇನ?"

ನಾನು ಗೋಡೆಗೆ ಮುಖ ಮಾಡಿ ಅತ್ತೆ. ಖುಷಿಗೆ ಅಳುತ್ತಿದ್ದೇನೆಂದುಕೊಂಡು ನರ್ಸ್ ಮರಾಠಿಯಲ್ಲಿ ಸಮಾಧಾನ ಹೇಳಿದಳು. ಮೊದಲ ಸಲವೂ ಇಷ್ಟು ಸುಲಭವಾಗಬಹುದಿತ್ತಲ್ಲ ಎಂದು ಅತ್ತೆ. ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅಪೂರ್ವ ಈಗ ನಡೆಯುತ್ತಾಳೆ. ನಮ್ಮ ಪಾಲಿನದು ಮುಗಿಯಿತು. ಆದರೆ ಎಲ್ಲರಿಗೂ ಗಡಿ ದಾಟಲಾಗದು. ಆಸ್ಪತ್ರೆಗೆ ಇನ್ನೊಬ್ಬ ಅರಿವಳಿಕೆ ವೈದ್ಯರನ್ನೂ ಮಕ್ಕಳ ವಾರ್ಡಿಗೆ ತರಬೇತಿ ಪಡೆದ ನರ್ಸ್‌ಗಳನ್ನೂ ಕೊಡಿ. ಕೊಡುವವರೆಗೆ, ಆಪರೇಷನ್ನಿಗೆ ಒಪ್ಪಿಗೆ ಕೊಡುವ ಪ್ರತಿ ತಾಯಿಯ ಮುಂದೆ ನೀವೇ ನಿಂತು ಹೇಳಿ: "ಈ ನೋವನ್ನು ತಡೆಯಬಹುದು, ನಾವು ತಡೆಯುತ್ತಿಲ್ಲ."

ಇಂತಿ,
ಉತ್ತರ ಬರುವ ನಂಬಿಕೆಯಿಲ್ಲದೆಯೂ ಬರೆದ,
ಅಲಖನೂರಿನ ಮೇಘಾ