ಹಸಿರು ಸೀರೆಯ ತಾಯಿಗೆ, ತೂಬಿನ ಗೋಡೆಯಿಂದ

ಹಂಸಗೊಳ ಅರಮನೆ ತೋಟ
ನೆರಳು ವರ್ಷ ೧೬೩, ಎರಡನೇ ಬೇಸಿಗೆಯ ನಲವತ್ತನೇ ದಿನ
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೩೧೮ ಇರಬೇಕು. ಒಂದೆರಡು ವರ್ಷ ಆಚೀಚೆ ಆಗಿದ್ದರೆ ಮನ್ನಿಸಿ.)

ಹಸಿರು ಸೀರೆ ಉಟ್ಟು ಗೋಡೆಯ ಮುಂದೆ ನಿಂತಿರುವ ಅಮ್ಮನವರಿಗೆ,

ದೇವೀರಮ್ಮ ಮಾಡುವ ನಮಸ್ಕಾರಗಳು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಈ ತೋಟದ ಹಳೆಯ ಫಲಕಗಳಿಂದ. ಹಾಗಾಗಿ ನಾನು ಬರೆದದ್ದೆಲ್ಲ 'ಹೂ ಕೀಳಬಾರದು', 'ಹುಲ್ಲಿನ ಮೇಲೆ ನಡೆಯಬಾರದು' ಎಂದು ಗದರಿಸಿದ ಹಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಾನು ಗದರಿಸುತ್ತಿಲ್ಲ, ಹೆದರಿದ್ದೇನೆ.

ನಾನು ಈ ತೋಟದ ತೋರುಗಾತಿ, ಅಂದರೆ ನೋಡಲು ಬಂದವರನ್ನು ಸುತ್ತಾಡಿಸಿ ವಿವರ ಹೇಳುವವಳು. ನಮ್ಮ ಕಾಲದ ಜನ ಮುಚ್ಚೂರುಗಳಲ್ಲಿ ಬದುಕುತ್ತಾರೆ. ಮೇಲೆ ಪೂರ್ತಿ ಚಾವಣಿ ಹೊದಿಸಿದ ಊರುಗಳವು. ಒಳಗೆ ಗಾಳಿಯೂ ಕೊಳವೆಯಲ್ಲಿ ಬರುತ್ತದೆ. ಬಯಲಿನಲ್ಲಿ ಮರ ಉಳಿದಿರುವುದು ಹಳೆಯ ಕೋಟೆ ಅರಮನೆಗಳ ತೋಟಗಳಲ್ಲಿ ಮಾತ್ರ. ಪ್ರತಿಯೊಬ್ಬರಿಗೂ ವರ್ಷಕ್ಕೊಂದು ನೆರಳು ಚೀಟಿ ಸಿಗುತ್ತದೆ, ಒಂದು ಹಗಲು ಮರದ ಕೆಳಗೆ ಇರಲು ಅಪ್ಪಣೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಮಣ್ಣು ಮುಟ್ಟಿದ ಕೂಡಲೇ ಕೆಲವರು ಕಾಲು ಹಿಂದೆಳೆದುಕೊಳ್ಳುತ್ತಾರೆ, ಕೆಲವರು ಅಲ್ಲೇ ಕೂತು ಅಳುತ್ತಾರೆ. ಹೋದ ತಿಂಗಳು ಬಂದ ಹಿರಿಯರೊಬ್ಬರು ಹಲಸಿನ ಮರವನ್ನು ಅಪ್ಪಿಕೊಂಡವರು ಬಿಡಲೊಲ್ಲರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ನಿಮ್ಮ ಕಾಲದಿಂದ ನಮಗೆ ಉಳಿದು ಬಂದದ್ದು ಪುಸ್ತಕವಲ್ಲ, ನಕ್ಷೆಯಲ್ಲ. ನೀವು ಪ್ರವಾಸ ಬಂದಾಗ ತೆಗೆಸಿಕೊಂಡ ಫೋಟೋಗಳು. ಹಂಸಗೊಳದ್ದೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ತೋಟ ಆ ಫೋಟೋಗಳಲ್ಲಿ ಇದ್ದ ಹಾಗೆಯೇ ಇರಬೇಕು ಎಂಬುದು ಚಿತ್ರಸಭೆಯ ಕಾನೂನು. ಎಲ್ಲ ತೋಟಗಳ ಮೇಲೂ ಅಧಿಕಾರ ಆ ಸಭೆಯದೇ. ನೋಡಲು ಬಂದವರು ಸಹ ನೀವು ನಿಂತ ಜಾಗಗಳಲ್ಲೇ ನಿಂತು, ನಿಮ್ಮ ಹಾಗೆಯೇ ನಗಬೇಕು. ತೂಬಿನ ಗೋಡೆಯ ಮುಂದೆ ನಿಮ್ಮವರೆಲ್ಲ ಎರಡು ಬೆರಳು ಎತ್ತಿದ್ದೀರಲ್ಲ, ಅದು ಯಾವುದೋ ದೇವರ ಮುದ್ರೆ ಎಂದು ನಂಬಿ ನಾವು ನೂರು ವರ್ಷದಿಂದ ಭಕ್ತಿಯಿಂದ ಎತ್ತುತ್ತಿದ್ದೇವೆ. ಅಲ್ಲ ಎಂದು ಈಚೆಗೆ ನನಗೆ ಅನುಮಾನ ಬಂದಿದೆ. ಆದರೂ ಎತ್ತುತ್ತೇನೆ, ಕೈಗೆ ರೂಢಿಯಾಗಿದೆ.

ಆ ಗೋಡೆಯ ವಿಷಯವೇ ನಾನು ಹೇಳಬೇಕಾದದ್ದು. ಅದು ಬರೀ ಗೋಡೆಯಲ್ಲ, ಮೇಲಿನ ಗೊಳದ, ಅಂದರೆ ಕೊಳದ, ಏರಿ. ಗೊಳದ ನೀರು ಅದರೊಳಗಿನ ತೂಬಿನಿಂದ ಇಳಿದು ಕೆಳಗಿನ ಮೂರು ಹಂತದ ತೋಟಕ್ಕೆ ಹರಿಯುತ್ತಿತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಗೋಡೆ ಬಿರುಕು ಬಿಟ್ಟಿತು. ರಿಪೇರಿ ಮಾಡಿದವರು ಕಾನೂನಿನ ಪ್ರಕಾರ ಫೋಟೋ ನೋಡಿಕೊಂಡು ಕಟ್ಟಿದರು. ಫೋಟೋದಲ್ಲಿ ಏನು ಕಂಡಿತೋ ಅದನ್ನು ಕಟ್ಟಿದರು; ಎಲ್ಲಿ ನಿಮ್ಮವರು ಅಡ್ಡ ನಿಂತಿದ್ದರೋ ಅಲ್ಲಿ ಯಾವ ಫೋಟೋದಲ್ಲೂ ಏನೂ ಕಾಣಲಿಲ್ಲ, ಆದ್ದರಿಂದ ಅಲ್ಲಿ ನುಣ್ಣಗೆ ಗಾರೆ ಮೆತ್ತಿದರು. ತೂಬಿನ ಬಾಯಿಯ ಮೇಲೂ ಮೆತ್ತಿದರು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಪ್ರಾಮಾಣಿಕರಾಗಿಯೇ ನೀರಿನ ಬಾಯಿ ಕಟ್ಟಿದರು.

ಇಷ್ಟು ದಿನ ಪಕ್ಕದ ಒಂದು ಮಣ್ಣಿನ ಕೊಳವೆಯಿಂದ ಸ್ವಲ್ಪ ನೀರು ಬರುತ್ತಿತ್ತು. ಈ ಬೇಸಿಗೆಯಲ್ಲಿ ಅದೂ ಕಟ್ಟಿಕೊಂಡಿತು. ಮೇಲೆ ಗೊಳ ತುಂಬಿ ತುಳುಕುತ್ತಿದೆ, ಕೆಳಗೆ ಹಲಸಿನ ಎಲೆ ಉದುರುತ್ತಿದೆ. ಹನ್ನೊಂದು ಜನ ಬೆಳಗಿನಿಂದ ಸಂಜೆವರೆಗೆ ಕೊಡದಲ್ಲಿ ಹೊತ್ತು ಹಾಕುತ್ತೇವೆ. ಇಪ್ಪತ್ತು ಎಕರೆಗೆ ಅದು ಯಾವ ಮೂಲೆಗೆ? ಗೋಡೆ ಈಗ ಬೆವರುತ್ತಿದೆ. ಮುಂಜಾನೆ ಅಂಗೈ ಇಟ್ಟರೆ ಒದ್ದೆಯಾಗುತ್ತದೆ. ಗೊಳದ ಕಡೆಯಿಂದ ತೂಬು ಹುಡುಕೋಣವೆಂದರೆ ಎರಡಾಳು ಹೂಳು. ಗೋಡೆಯನ್ನೇ ಕೊರೆಯಬೇಕು. ತಪ್ಪು ಜಾಗದಲ್ಲಿ ಕೊರೆದರೆ ಏರಿ ಒಡೆಯುತ್ತದೆ. ಚಿತ್ರಸಭೆ ಒಂದೇ ಒಂದು ರಂಧ್ರಕ್ಕೆ ಅನುಮತಿ ಕೊಟ್ಟಿದೆ. ಅದು ತಪ್ಪಿದರೆ ಹಂಸಗೊಳ ಸತ್ತ ತೋಟವೆಂದು ಘೋಷಣೆಯಾಗಿ ನಾವೆಲ್ಲ ಮುಚ್ಚೂರಿಗೆ ಹೋಗಬೇಕು.

ನನಗೊಬ್ಬಳು ಮಗಳಿದ್ದಾಳೆ, ದವನ, ಏಳು ವರ್ಷ. ಮುಚ್ಚೂರಿನ ಗಾಳಿ ಅವಳಿಗೆ ಆಗಿಬರುವುದಿಲ್ಲ. ಹುಟ್ಟಿದ ಮೊದಲ ಎರಡು ವರ್ಷ ಅವಳ ತುಟಿ ನೀಲಿಯಾಗುವುದನ್ನೂ ಮತ್ತೆ ಕೆಂಪಾಗುವುದನ್ನೂ ನೋಡುತ್ತಾ ಕಳೆದೆ. ಈ ಕೆಲಸ ಸಿಕ್ಕಿ ತೋಟದೊಳಗಿನ ಮನೆಗೆ ಬಂದ ಮೇಲೆ ಅವಳು ಓಡಲು ಕಲಿತಳು. ವಾಪಸು ಹೋದರೆ ಅವಳು ಉಳಿಯುವುದಿಲ್ಲ. ಇದನ್ನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಲ್ಲ, ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಿಮ್ಮ ಫೋಟೋದಲ್ಲಿ ತೂಬಿನ ಸುಳಿವಿನಂಥದ್ದನ್ನು ಮೊದಲು ಕಂಡವಳೂ ಅವಳೇ. ನೀವು ಬಲಗೈಯಲ್ಲಿ ಎರಡು ಬೆರಳೆತ್ತಿ, ಎಡಗೈ ಸೊಂಟದ ಮೇಲಿಟ್ಟು ನಿಂತಿದ್ದೀರಿ. ಫೋಟೋ ತೆಗೆದವರ ನೆರಳು ನಿಮ್ಮ ಪಾದದವರೆಗೆ ಬಂದಿದೆ. ಎಡ ಮೊಣಕೈಯ ಹತ್ತಿರ ಬೂದು ಬಣ್ಣದ ಒಂದು ಬಾಗು ಕಾಣುತ್ತದೆ. ಅದು ನಿಮ್ಮ ಬಳೆ ಎಂದು ಚಿತ್ರಸಭೆಯವರೇ ಬರೆದಿಟ್ಟಿದ್ದರು. "ಅವ್ವಾ, ಬಳೆ ಮೊಣಕೈತಾವ ಯಾಕಿರ್ತದೆ? ಈಯಮ್ಮನ ಹಿಂದ್ಗಡೆ ಏನೋ ಅದೆ ಕಣವ್ವ" ಎಂದಳು ದವನ. ಭೂತಗನ್ನಡಿ ಹಿಡಿದು ನೋಡಿದೆ. ಕಲ್ಲಿನಲ್ಲಿ ಕೆತ್ತಿದ ಕಮಾನಿನ ತುದಿ! ಆದರೆ ಆ ಗೋಡೆಯಲ್ಲಿ ದೀಪವಿಡುವ ಗೂಡುಗಳಿಗೂ ಅಂಥದೇ ಕಮಾನುಗಳಿವೆ. ನಿಮ್ಮ ಬೆನ್ನ ಹಿಂದಿರುವುದು ತೂಬೋ, ಗೂಡೋ ನನಗೆ ತಿಳಿಯದು.

ನಮ್ಮ ಕಲ್ಲುಕುಟಿಗ ಚಿಕ್ಕಹೈದಣ್ಣ ಮೂರು ದಿನ ಗೋಡೆಗೆ ಕಿವಿಯಿಟ್ಟು ತಟ್ಟಿ ನೋಡಿದರು. ಕೊನೆಗೆ ಸುತ್ತಿಗೆ ಕೆಳಗಿಟ್ಟು ಹೇಳಿದರು: "ಅರವತ್ತು ವರ್ಸದಿಂದ ಕಲ್ಲು ಮಾತಾಡ್ಸಿವ್ನಿ ಕಣವ್ವ. ಈ ಹಾಳು ಗಾರೆ ಸದ್ದೇ ಕೊಡಾಕಿಲ್ಲ ಅಂತದೆ. ಚಿತ್ರ ಬಲ್ಲೋಳು ನೀನು. ಗುರ್ತು ನೀನೇ ಹಾಕವ್ವ, ನಾನು ಉಳಿ ಇಕ್ತೀನಿ." ಅಂದಿನಿಂದ ದಿನವೂ ಭೂತಗನ್ನಡಿ ಹಿಡಿದು ನಿಮ್ಮ ಫೋಟೋದ ಮುಂದೆ ಕೂರುತ್ತಿದ್ದೇನೆ.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಎನ್ನುತ್ತಾರೆ. ಹೋಗಿ ತಲುಪಿತೆಂದು ಇವತ್ತಿನವರೆಗೆ ಒಂದು ಉತ್ತರವೂ ಬಂದಿಲ್ಲ. ಅದಕ್ಕೊಂದು ನಿಯಮವಿದೆ: ಒಬ್ಬ ಮನುಷ್ಯ ನಿಂತಲ್ಲೇ ಮಾಡಬಹುದಾದದ್ದಕ್ಕಿಂತ ದೊಡ್ಡದನ್ನು ಕೇಳಬಾರದು. ಕಾಡು ಉಳಿಸಿ, ಕೆರೆ ಉಳಿಸಿ ಎಂದು ಬರೆದ ಕಾಗದಗಳನ್ನೆಲ್ಲ ಹರಿದು ಹಾಕುತ್ತಾರೆ. ನಾನು ಕೇಳುತ್ತಿರುವುದು ನಿಯಮದೊಳಗೇ ಇದೆ.

ಅಮ್ಮಾ, ನಗು ಹಾಗೇ ಇರಲಿ. ಬೆರಳೂ ಎತ್ತಿಕೊಂಡೇ ಇರಿ. ಒಂದು ಹೆಜ್ಜೆ ನಿಮ್ಮ ಬಲಕ್ಕೆ ಸರಿಯಿರಿ. ಅಷ್ಟೇ. ಫೋಟೋ ತೆಗೆಯುತ್ತಿರುವವರು ಸರಿಯಬೇಡ ಎಂದರೆ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದೋ ಏನೋ ಒಂದು ನೆವ ಹೇಳಿ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಚಿಕ್ಕಹೈದಣ್ಣ ಉಳಿ ತರುತ್ತಾರೆ. ದವನಳನ್ನು ಏರಿಯಾಚೆ ದಿಬ್ಬದ ಮೇಲಿನ ಮಂಟಪದಲ್ಲಿ ಕೂರಿಸಲು ಹೇಳಿದ್ದೇನೆ, ನೀರು ನುಗ್ಗಿದರೂ ಅಲ್ಲಿಗೆ ಬರದು. ನಾನು ಸುಣ್ಣದ ಬಟ್ಟಲು ಹಿಡಿದು ಗೋಡೆಯ ಹತ್ತಿರ ಹೋಗುವ ಮುಂಚೆ ಪೆಟ್ಟಿಗೆಯಿಂದ ನಿಮ್ಮ ಫೋಟೋ ಇನ್ನೊಮ್ಮೆ ತೆಗೆದು ನೋಡುತ್ತೇನೆ. ನೀವು ಸರಿದಿದ್ದರೆ ಕಂಡದ್ದರ ಮೇಲೆ ಗುರುತು ಹಾಕುತ್ತೇನೆ. ಸರಿಯದಿದ್ದರೆ ನಿಮ್ಮ ಮೊಣಕೈಯನ್ನು ನಂಬಿ ಹಾಕುತ್ತೇನೆ, ಬೇರೆ ದಾರಿಯಿಲ್ಲ.

ಇಂತು, ನೀವು ನಿಂತ ಜಾಗದಲ್ಲೇ ನಿಂತಿರುವ,
ದೇವೀರಮ್ಮ