ಮುಟ್ಟಿ ನೋಡದ ಗಂಟು

ಮುದ್ದೇಬಿಹಾಳ
೩ ಡಿಸೆಂಬರ ೧೯೬೪

ಡಾಕ್ಟರ ಅಮೀನುದ್ದೀನ ಅವರಿಗೆ ಅಬಿದಾಳ ಸಲಾಮು.

ನಿಮ್ಮ ಪತ್ರ ಮೊನ್ನೆ ಬಸ್ಸಿನ ಕಂಡಕ್ಟರನ ಕೈಯಿಂದ ತಲುಪಿತು. ಬೇರೆಯಾಗಿ ಮೂರು ವರ್ಷವಾದ ಮೇಲೆ ನಿಮ್ಮ ಅಕ್ಷರ ಕಂಡು, ಒಡೆಯುವ ಮೊದಲು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕುಳಿತೆ ಎಂದರೆ ನೀವು ನಂಬಲಿಕ್ಕಿಲ್ಲ. ಒಡೆದ ಮೇಲೆ ತಿಳಿಯಿತು, ಅದು ಹೆಂಡತಿಗೆ ಬಂದದ್ದಲ್ಲ, ಮುದ್ದೇಬಿಹಾಳದ ಡಾಕ್ಟರಬಾಯಿಗೆ ಬಂದದ್ದು. ನಮ್ಮ ಧರ್ಮಾರ್ಥ ಸಂಘದ ನಾಲ್ಕು ದವಾಖಾನೆಗಳನ್ನು ಹೋಲಿಸಿ ನಾನು ಬರೆದ ವರದಿ ತಪ್ಪು ಎಂದು ಭಾನುವಾರದ ಸಭೆಯಲ್ಲಿ ಎದ್ದು ಹೇಳಬೇಕು. ಹೇಳಿದರೆ ಹಿಂದಿನದೆಲ್ಲ ಮರೆತು ನನ್ನನ್ನು ಬಾಗೇವಾಡಿಯ ಮನೆಗೆ ಕರೆದುಕೊಳ್ಳುತ್ತೀರಿ. ಇಷ್ಟೇ ತಾನೇ?

ಹೇಳುವುದಿಲ್ಲ. ಏಕೆ ಹೇಳುವುದಿಲ್ಲ ಎಂಬುದನ್ನು ಕೊನೆಯವರೆಗೆ ಓದಿ, ಆಮೇಲೆ ಸಿಟ್ಟಾಗಿ.

ಮುಳವಾಡದ ಸಿದ್ದವ್ವ ನಿಮಗೆ ನೆನಪಿರಲಿಕ್ಕಿಲ್ಲ. ಹೋದ ವರ್ಷ ಜೋಳದ ರಾಶಿಯ ಕಾಲಕ್ಕೆ ತಂಗಡಗಿಯ ತವರಿಗೆ ಬಂದವಳನ್ನು ಅವಳ ಅಣ್ಣ ಚಕ್ಕಡಿಯಲ್ಲಿ ನನ್ನ ಹತ್ತಿರ ಕರೆತಂದ. ಸೆರಗು ಸರಿಸಿದರೆ ಎಡ ಎದೆ ಕಲ್ಲಾಗಿತ್ತು, ಚರ್ಮ ಒಡೆದು ಸೋರುತ್ತಿತ್ತು. ಇಷ್ಟು ಬಲಿಯುವ ತನಕ ಯಾರಿಗೂ ತೋರಿಸಲಿಲ್ಲವೇ ಎಂದು ಬೈದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು: "ತೋರಸಾಕ ಹೋಗಿದ್ದೆನ್ರಿ ಬಾಯಾರ. ಬಾಗೇವಾಡಿಯೊಳಗ ನಿಮ್ಮ ಸಂಘದ ದವಾಖಾನಿಗೇ ಹೋಗಿದ್ದೆ. ಪರದೇದ ಹಿಂದಿಂದ ಹೇಳಿದೆ, ಎದಿಯಾಗ ಗಂಟು ಐತ್ರಿ ಅಂತ. ಡಾಕ್ಟರು ಪರದೆ ಸರಸಲಿಲ್ಲ. ಕಾವು ಕೊಡು, ಮುಲಾಮು ಹಚ್ಚು ಅಂದ್ರು. ಹಚ್ಚಿದೆ. ಮತ್ತ ಹೋದೆ. ಮತ್ತ ಅದನ್ನ ಹಚ್ಚು ಅಂದ್ರು."

ಮಿರಜಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಸರ್ಜನ್ನರು ಅವಳನ್ನು ಹೊರಗೆ ಕೂಡಿಸಿ ನನಗೆ ಹೇಳಿದರು, ಕ್ಯಾನ್ಸರು ಬಗಲಿಗೆ ಇಳಿದು ಶ್ವಾಸಕೋಶಕ್ಕೂ ಹೋಗಿದೆ, ಇನ್ನು ಕೊಯ್ದು ಫಲವಿಲ್ಲ ಎಂದು. ಹಿಂದಕ್ಕೆ ಬರುವಾಗ ಸಿದ್ದವ್ವ ಕಿಟಕಿಯ ಹತ್ತಿರ ಕುಳಿತು ದಾರಿಯುದ್ದಕ್ಕೂ ಹೊಲ ನೋಡಿದಳು. ಮುಂಗಾರಿಗೆ ಮೊದಲೇ ತೀರಿಕೊಂಡಳು.

ಅದಾದ ಮೇಲೆ ಸಂಘದ ಕೆಲಸಕ್ಕೆಂದು ಸಿಂದಗಿಗೆ ಹೋದೆ. ಅಲ್ಲಿ ಬಾಳಮ್ಮ ಎಂಬವಳನ್ನು ಕಂಡೆ. ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ರೋಗ. ಅಲ್ಲಿಯ ನರ್ಸು ರೋಷನಬಿ ಹೊಟ್ಟೆನೋವೆಂದು ಬಂದ ಹೆಂಗಸಿನ ಎದೆಯನ್ನೂ ಮುಟ್ಟಿ ನೋಡಿಯೇ ಕಳಿಸುವವಳು. ಕಡಲೆಕಾಳಿನಷ್ಟಿದ್ದಾಗಲೇ ಗಂಟು ಅವಳ ಬೆರಳಿಗೆ ಸಿಕ್ಕಿತ್ತು. ಮಿರಜಿನಲ್ಲಿ ಕೊಯ್ಸಿಕೊಂಡು ಬಂದ ಬಾಳಮ್ಮ ಮೇವಿನ ಹೊರೆ ಹೊತ್ತು ನನ್ನೆದುರೇ ನಡೆದು ಹೋದಳು. ಮಿರಜಿಗೆ ಹೋಗಲು ಸಿಂದಗಿಗೆ ರೈಲೇ ಇಲ್ಲ. ನಿಮ್ಮ ಬಾಗೇವಾಡಿಗೆ ಸ್ಟೇಷನ್ನಿದೆ. ಹಾಗಾದರೆ ಇವಳು ಹೇಗೆ ಬದುಕಿದಳು, ಅವಳೇಕೆ ಸತ್ತಳು? ವರದಿ ಹುಟ್ಟಿದ್ದು ಈ ಪ್ರಶ್ನೆಯಿಂದ. ನೀವು ಬರೆದ ಹಾಗೆ ಗಂಡನ ಮೇಲಿನ ಹಗೆಯಿಂದಲ್ಲ.

ನಾಲ್ಕೂ ಕಡೆ ಒಂದೇ ಪ್ರಶ್ನೆಗಳನ್ನು ಕೇಳಿದೆ. ರೋಗಿ ಮೊದಲು ಬಂದಾಗ ಗಂಟು ಎಷ್ಟಿತ್ತು, ಯಾರು ಮುಟ್ಟಿ ನೋಡಿದರು, ಮಿರಜಿಗೆ ಕಳಿಸಲು ಎಷ್ಟು ತಡವಾಯಿತು, ಹೋದವರು ನಿಜಕ್ಕೂ ತಲುಪಿದರೇ, ವರ್ಷದ ಮೇಲೆ ಹೇಗಿದ್ದಾರೆ. ಎಲ್ಲದರಲ್ಲೂ ಇಂಡಿ ಊರಿನ ದವಾಖಾನೆಯ ಡಾಕ್ಟರ ಬಸಂತರಾಯರು ಮುಂದಿದ್ದರು. ಏಕೆಂದು ತಿಳಿಯಲು ಅವರ ಜೊತೆ ಹತ್ತಿರದ ಸಾಲೋಟಗಿ ಹಳ್ಳಿಗೆ ಹೋದೆ. ಹೆಂಡತಿಯನ್ನು ಮಿರಜಿಗೆ ಕಳಿಸಲು ಒಲ್ಲೆನೆಂದಿದ್ದ ಒಬ್ಬನ ಕಟ್ಟೆಯ ಮೇಲೆ ಅವರು ಕೋಟು ಬಿಚ್ಚಿ ಕುಳಿತುಬಿಟ್ಟರು. "ನಿನ್ನ ಚಹಾ ಬ್ಯಾಡೋ. ನಾಳಿನ ಗಾಡಿಗೆ ನಾನೂ ಹೋಗ್ತೇನಿ, ಆಕಿನ್ನೂ ಕರಕೊಂಡ ಹೋಗ್ತೇನಿ ಅನ್ನು, ಏಳ್ತೇನಿ" ಅಂದರು. ಬಿಸಿಲು ಇಳಿಯುವ ಹೊತ್ತಿಗೆ ಅವನು ಹ್ಞೂಂ ಎಂದ.

ನನ್ನ ಮುದ್ದೇಬಿಹಾಳದ ಗತಿ? ರೋಗ ಬೇಗ ಹಿಡಿಯುತ್ತಿದ್ದೆ, ಚೀಟಿ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಚೀಟಿ ಒಯ್ದವರಲ್ಲಿ ಅರ್ಧದಷ್ಟು ಜನ ಮಿರಜ ಕಾಣಲೇ ಇಲ್ಲ. ಅದನ್ನೂ ವರದಿಯಲ್ಲಿ ಬರೆದಿದ್ದೇನೆ. ಈಗ ನಾನೂ ಜನರ ಕಟ್ಟೆಯ ಮೇಲೆ ಹೋಗಿ ಕೂಡುತ್ತೇನೆ. ಬಾಗೇವಾಡಿ ಮಾತ್ರ ಎಲ್ಲರಿಗಿಂತ ಹಿಂದಿತ್ತು. ಹಿಂದಿದೆ ಎಂದು ಬರೆದೆ.

ಹೋದ ತಿಂಗಳ ಸಭೆಯಲ್ಲಿ ಅಧ್ಯಕ್ಷ ಕಾಳಪ್ಪನವರು ನನ್ನನ್ನು ಕೇಳಿದ್ದನ್ನು ನೀವೂ ಕೇಳಿಸಿಕೊಂಡಿದ್ದೀರಿ. "ಒಂದ ಮನಿ ನಾಕು ಮಕ್ಕಳನ್ನ ಸಾಲಾಗಿ ನಿಂದರಿಸಿ, ಇವ ಚಂದ, ಇವ ಕುರೂಪಿ ಅನ್ನೂದು ಹಿರ್ಯಾರ ಲಕ್ಷಣ ಏನವ್ವಾ?" ಅಂದರು. "ಚಂದ ನೋಡಾಕತ್ತಿಲ್ರಿ. ಯಾರಿಗೆ ಜ್ವರ ಐತಿ ಅಂತ ಮೈ ಮುಟ್ಟಿ ನೋಡಾಕತ್ತೇನಿ" ಅಂದೆ. ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ಕನ್ನಡಕ ಒರೆಸಿಕೊಳ್ಳುತ್ತಿದ್ದಿರಿ.

ನಮ್ಮೂರ ಹೆಂಗಸರು ನಾಚಿಕೆಯವರು, ಮುಟ್ಟಗೊಡುವುದಿಲ್ಲ, ನಾನೇನು ಮಾಡಲಿ ಎಂದು ಬರೆದಿದ್ದೀರಿ. ನಾನು ಅಲ್ಲಿದ್ದಾಗ ಅದೇ ಹೆಂಗಸರು ಪರದೆಯೊಳಗೆ ನನ್ನ ಕೈ ಹಿಡಿದುಕೊಂಡು ತಮ್ಮ ನೋವಿನ ಜಾಗ ತೋರಿಸುತ್ತಿದ್ದರು. ಅದು ನಿಮಗೆ ಸೇರಲಿಲ್ಲ. "ಮಂದಿ ನನ್ನ ದವಾಖಾನಿಗೆ ಬಾಯಾರ ದವಾಖಾನಿ ಅನ್ನಾಕತ್ತಾರ. ನಾಳಿಂದ ನೀ ಮನ್ಯಾಗ ಇರು" ಅಂದಿರಿ. ನಾನು ಬಿಟ್ಟು ಬಂದದ್ದು ನಿಮ್ಮನ್ನಲ್ಲ, ಆ ಮಾತನ್ನು. ಆಮೇಲೆ ಒಬ್ಬ ನರ್ಸನ್ನಾದರೂ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡರೆ ನಾನಿಲ್ಲದೆ ನಡೆಯುವುದಿಲ್ಲವೆಂದು ಒಪ್ಪಿದಂತಾಗುತ್ತಿತ್ತು ಎಂದು ಬಿಟ್ಟಿರಿ. ನಿಮಗೆ ವಿದ್ಯೆ ಕಡಿಮೆಯಿಲ್ಲ. ಮುರಿದ ಎಲುಬು ಕೂಡಿಸುವುದರಲ್ಲಿ ನಾಲ್ಕು ಊರಲ್ಲೂ ನಿಮ್ಮ ಸಮ ಯಾರೂ ಇಲ್ಲ, ಅದು ನನಗೆ ಗೊತ್ತು. ಸಿದ್ದವ್ವನನ್ನು ಕೊಂದದ್ದು ನಿಮ್ಮ ಹಟ.

ಆದ್ದರಿಂದ ಭಾನುವಾರ ವರದಿಯನ್ನು ಮೊದಲಿನಿಂದ ಓದುತ್ತೇನೆ. ಬರುವ ವರ್ಷ ಇದೇ ಪ್ರಶ್ನೆಗಳನ್ನು ಮತ್ತೆ ಕೇಳಿ ಮತ್ತೆ ಓದುತ್ತೇನೆ. ಸಂಘದವರು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಓದುತ್ತೇನೆ. ಬಾಗೇವಾಡಿ ಇಂಡಿಯನ್ನು ದಾಟಿದ ದಿನ ಅದನ್ನೂ ಅಷ್ಟೇ ಗಟ್ಟಿಯಾಗಿ ಓದುತ್ತೇನೆ. ಆ ದಿನ ತಲೆಯೆತ್ತಿ ಕೂಡಿರಿ.

ನಿಮ್ಮ ಮಾತು ಕೇಳದ,
ಅಬಿದಾ

ತಾ.ಕ.: ಮೇಲೆ ಬರೆಯಲು ಕೈ ಬರದ ಒಂದು ಮಾತಿದೆ. ನಿಮ್ಮ ಪತ್ರ ಬರುವ ಮೊದಲೇ ಬಾಗೇವಾಡಿಗೆ ವರ್ಗ ಕೇಳಿಕೊಂಡಿದ್ದೆ. ಕಾಳಪ್ಪನವರು ಗೊಣಗುತ್ತಲೇ ಒಪ್ಪಿದ್ದಾರೆ. ಇಲ್ಲಿಗೆ ಬೇರೆ ಡಾಕ್ಟರಬಾಯಿ ಬರುತ್ತಾರೆ. ಹೊಸ ವರ್ಷಕ್ಕೆ ಬರುತ್ತೇನೆ, ದವಾಖಾನೆಯ ಹಿಂದಿನ ಕೋಣೆಯಲ್ಲಿರುತ್ತೇನೆ, ಸುಣ್ಣ ಹೊಡೆಸಿಡಿ. ನಿಮ್ಮ ಮನೆಗೆ ಬರುವ ಮಾತು ಬೇರೆ. ಅದನ್ನು ನೀವು ಷರತ್ತಿಲ್ಲದೆ ಕೇಳಿದ ದಿನ ಯೋಚಿಸುತ್ತೇನೆ.